ಹೋಳಿಗೆಯ ನಂತರದ ಅಂಕ

ಗುಲಾಬಿಯಕ್ಕನ ಬಗ್ಗೆ ಬರೆಯಬೇಕಾದರೆ ಮೊದಲು ಊಟದ ಬಗ್ಗೆ ಬರೆಯಬೇಕು. ಸ್ಯಾನ್ ಹೋಸೆ ಸುತ್ತಮುತ್ತಲಿನ ನಮ್ಮ ಕನ್ನಡದವರು ನಾಟಕ ನೋಡುವ ಕ್ರಮವೇ ಹಾಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ಅಂತ ಹೇಳಿ ಹನ್ನೊಂದೂವರೆಗೆ ಶುರು ಮಾಡುತ್ತೇವೆ. ಒಂದು ಗಂಟೆಗೆ ಇಂಟರ್ವಲ್. ಇಂಟರ್ವಲ್ಲಿನಲ್ಲಿ ಹೋಳಿಗೆ ಊಟ, ಊಟವಾದ ಮೇಲೆ ಉಳಿದ ನಾಟಕ. ಆದರೆ ಊಟವಾದ ಮೇಲೆ ಜನ ಉಳಿಯಬೇಕಲ್ಲ! ಕೈ ತೊಳೆದವರು ತೊಳೆದ ಹಾಗೆಯೇ "ಮಗೂಗೆ ನಿದ್ದೆ ಬಂತು", "ಗ್ರೋಸರಿ ತಗೋಬೇಕು" ಎನ್ನುತ್ತ ಪಾರ್ಕಿಂಗ್ ಲಾಟಿನ ಕಡೆ ಜಾರುತ್ತಾರೆ. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಎಂಬ ಗಾದೆಯನ್ನು ಕಟ್ಟಿದವರು ಯಾರೋ, ನಮ್ಮ ಸಂಘದ ಯುಗಾದಿಯನ್ನು ನೋಡಿಯೇ ಕಟ್ಟಿರಬೇಕು. ಒಂಬತ್ತು ವರ್ಷ ನಾನು ಖಾಲಿ ಕುರ್ಚಿಗಳ ಮುಂದೆ ಅತ್ತಿದ್ದೇನೆ, ಸತ್ತಿದ್ದೇನೆ, ಒಮ್ಮೆ ಸತಿಯಾಗಿಯೂ ಹೋಗಿದ್ದೇನೆ. ಆ ಸಿಟ್ಟು ನನಗೆ ಇನ್ನೂ ಇದೆ.

ಈ ವರ್ಷ ಫೆಬ್ರವರಿಯಲ್ಲಿ ನಮ್ಮ ಸಂಘದ ಅಧ್ಯಕ್ಷ ರಘೋತ್ತಮ ತನ್ನ ಮನೆಯಲ್ಲಿ ಮೀಟಿಂಗು ಕರೆದ. ಆಫೀಸಿನಲ್ಲಿ ಹೇಗೋ ಸಂಘದಲ್ಲೂ ಹಾಗೇ, ಸ್ಲೈಡು ಹಾಕದೆ ಮಾತಾಡಲು ಬಾರದ ಮನುಷ್ಯ. ಟೀವಿಯ ಮೇಲೆ ಎರಡು ಕಂಬ ತೋರಿಸಿದ. ಊಟಕ್ಕೆ ಮುಂಚಿನದು ಇನ್ನೂರ ನಲವತ್ತು ಜನ, ಎತ್ತರದ ಕಂಬ. ಊಟವಾದ ಮೇಲಿನದು ಐವತ್ತೈದು, ಗಿಡ್ಡ ಕಂಬ.

"ನೋಡಿ, ಯಾರಿಗೂ ಬೇಜಾರಾಗ್ಬಾರ್ದು," ಅಂದ. ಹಾಗಂದಾಗಲೇ ಬೇಜಾರಾಗುವ ಮಾತು ಬರುತ್ತದೆ ಅಂತ ಗೊತ್ತಾಯಿತು. "ಯುಗಾದಿಗೆ ಇನ್ನೊಂದೇ ಚಾನ್ಸು. ಊಟ ಆದ್ಮೇಲೆ ಅರ್ಧ ಜನಾನಾದ್ರೂ ಹಾಲಿಗೆ ವಾಪಸ್ ಬರ್ಬೇಕು. ಬರ್ಲಿಲ್ಲಾಂದ್ರೆ ಮುಂದಿನ ವರ್ಷದಿಂದ ದೊಡ್ಡ ನಾಟಕ ಇಲ್ಲ, ಹದಿನೈದು ನಿಮಿಷದ ಸ್ಕಿಟ್ಟು ಮಾತ್ರ."

ಎಲ್ಲರೂ ಗುಲಾಬಿಯಕ್ಕನ ಕಡೆ ತಿರುಗಿದರು. ನಮ್ಮ ನಾಟಕಗಳನ್ನು ಬರೆಯುವವರು, ಆಡಿಸುವವರು, ಪಕ್ಕದಲ್ಲಿ ನಿಂತು ಮಾತು ನೆನಪಿಸುವವರು, ತೆರೆಯ ಹಗ್ಗ ಎಳೆಯುವವರು ಎಲ್ಲ ಅವರೇ. ಮೂಲೆಯ ಸೋಫಾದಲ್ಲಿ ಕೂತು ಯಾರದೋ ಜುಬ್ಬಕ್ಕೆ ಗುಂಡಿ ಹಾಕುತ್ತಿದ್ದರು. ನೂಲನ್ನು ಹಲ್ಲಿನಿಂದ ಕಡಿದು, ಗುಂಡಿಯನ್ನು ಎಳೆದು ನೋಡಿ, ಆಮೇಲೆ ತಲೆ ಎತ್ತಿದರು.

"ಅರ್ಧ ಎಂತಕ್ಕೆ? ಎಲ್ಲರೂ ಬರ್ತಾರೆ."

ಈ ಧೈರ್ಯ ಎಲ್ಲಿಂದ ಬಂತು ಅಂತ ನೀವು ಕೇಳಬೇಕು. ಗುಲಾಬಿಯಕ್ಕನಿಗೆ ಅರವತ್ತನಾಲ್ಕು ವರ್ಷ. ಉಡುಪಿ ಕಡೆಯವರು, ಮನೆ ಎವರ್‌ಗ್ರೀನ್‌ನಲ್ಲಿ. ವಾಲ್ನಟ್ ಕ್ರೀಕಿನ ಒಂದು ಮದುವೆ ಬಟ್ಟೆಯ ಅಂಗಡಿಯಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ. ಮದುಮಗಳ ಗೌನು ಬಿಗಿಯಾದರೆ ಬಿಡಿಸುವುದು, ಸಡಿಲವಾದರೆ ಹಿಡಿಸುವುದು. ಬೆಳಿಗ್ಗೆ ಗಂಡ ಗುಣಪಾಲಣ್ಣ ಸ್ಟೇಷನ್ನಿಗೆ ಬಿಡುತ್ತಾರೆ. ನಡುವೆ ಒಂದು ಸಲ ರೈಲು ಬದಲಿಸಿ ಹೆಚ್ಚೂಕಡಿಮೆ ಒಂದೂವರೆ ಗಂಟೆಯ ದಾರಿ. ಆ ದಾರಿಯಲ್ಲಿ ಗೆರೆ ಎಳೆದ ನೋಟುಬುಕ್ಕಿನಲ್ಲಿ ನಾಟಕ ಬರೆಯುತ್ತಾರೆ. ಹನ್ನೊಂದು ನಾಟಕ ಹಾಗೇ ಬರೆದದ್ದು. ಪಕ್ಕದಲ್ಲಿ ಕೂತವರು ಯಾವ ಭಾಷೆ ಅಂತ ಕೇಳಿದರೆ ಹೇಳುತ್ತಾರೆ, ಏನು ಬರೀತಿದ್ದೀರಿ ಅಂತ ಕೇಳಿದರೆ ಮಾತ್ರ "ಅದು ಗುಟ್ಟು" ಅನ್ನುತ್ತಾರೆ.

ಅವರ ಅಪ್ಪ ಕರಾವಳಿಯ ಒಂದು ನಾಟಕ ಕಂಪನಿಯಲ್ಲಿ ಟೈಲರು. ಗುಲಾಬಿಯಕ್ಕ ಎಂಟು ವರ್ಷದ ಹುಡುಗಿಯಾಗಿದ್ದಾಗಿಂದ ತೆರೆಯ ಪಕ್ಕದಲ್ಲಿ ನಿಂತು ಪಿನ್ನು ಹಿಡಿದುಕೊಂಡವರು. ರಾಜನ ಅಂಗಿ ಬಿಚ್ಚಿದರೆ ಅಲ್ಲೇ ಹೊಲಿಗೆ, ಖಳನಾಯಕನ ಕೋಟಿಗೆ ಅಲ್ಲೇ ಇಸ್ತ್ರಿ. ಹಾಗಾಗಿ ಅವರು ನಾಟಕ ನೋಡಿದ್ದಕ್ಕಿಂತ ನಾಟಕ ನೋಡುವವರ ಮುಖ ನೋಡಿದ್ದು ಹೆಚ್ಚು. ಯಾವ ಮಾತಿಗೆ ಜನ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸುತ್ತಾರೆ, ಎಲ್ಲಿ ತೆರೆ ಬಿದ್ದರೆ ಬೀಡಿ ಸೇದಲು ಹೋದವರು ಅರ್ಧ ಬೀಡಿ ಎಸೆದು ಓಡಿ ಬರುತ್ತಾರೆ, ಎಲ್ಲ ಅವರಿಗೆ ಕಂಠಪಾಠ. ಅದರಿಂದ ಅವರದೇ ಒಂದು ಶಾಸ್ತ್ರ ಹುಟ್ಟಿತ್ತು. ಮೊದಲ ಅಂಕದಲ್ಲಿ ಕಾಗದ ಬಚ್ಚಿಟ್ಟರೆ ಅದನ್ನು ಜನ ನೋಡಲೇಬೇಕು, ನಾಯಕ ನೋಡಲೇಬಾರದು. ಮುಖಾಮುಖಿಯಾಗಲು ಹೆದರುವ ಇಬ್ಬರಿದ್ದರೆ ಕೊನೆಯಲ್ಲಿ ಅವರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಬೇಕು. ಅದಕ್ಕೆ ಅವರು ಇಟ್ಟ ಹೆಸರು 'ಎದುರುಬದುರು'. "ಎದುರುಬದುರನ್ನು ತೆರೆಯ ಹಿಂದೆ ಮುಗಿಸಿ, ಆಮೇಲೆ ಬಂದು ಹೀಗಾಯ್ತು ಅಂತ ಹೇಳಿದ್ರೆ ಜನ ಚಪ್ಪಲಿ ಬಿಸಾಡ್ತಾರೆ, ಬಿಸಾಡ್ಬೇಕು ಕೂಡಾ" ಎನ್ನುತ್ತಿದ್ದರು.

ಈ ಶಾಸ್ತ್ರಕ್ಕೆ ಬೇರೆ ಹೆಸರಿದೆ ಅಂತ ಅವರಿಗೆ ಗೊತ್ತಾದದ್ದು ಈ ಮಾರ್ಚಿನಲ್ಲಿ, ತಮ್ಮ ಗರಾಜಿನಲ್ಲೇ. ನಮ್ಮ ರಿಹರ್ಸಲ್ಲು ನಡೆಯುವುದು ಅಲ್ಲಿ, ವಾಷಿಂಗ್ ಮೆಷೀನಿನ ಪಕ್ಕ. ನಾಯಕಿಯ ಪಾತ್ರದ ತನ್ವಿ ಇಲ್ಲೇ ಹುಟ್ಟಿದ ಹುಡುಗಿ, ಸ್ಯಾನ್ ಫ್ರಾನ್ಸಿಸ್ಕೋದ ಕಾಲೇಜಿನಲ್ಲಿ ನಾಟಕವನ್ನೇ ಓದುತ್ತಾಳೆ. ಒಂದು ಶನಿವಾರ ನಗುತ್ತ ಹೇಳಿದಳು.

"ಆಂಟಿ, ಯು ನೋ, ನೀವು ಬರಿಯೋದಕ್ಕೆ ಒಂದು ಹೆಸರಿದೆ. ವೆಲ್-ಮೇಡ್ ಪ್ಲೇ. ನೈನ್ಟೀಂತ್ ಸೆಂಚುರಿ, ಪ್ಯಾರಿಸ್. ಸೀಕ್ರೆಟ್ಟು, ಲೆಟರು, ಕರ್ಟನ್ ಬೀಳೋದು, ನೀವು ಎದುರುಬದುರು ಅಂತೀರಲ್ಲ ಅದೂನೂ... ಎಲ್ಲಾ ಸೇಮ್."

ಗುಲಾಬಿಯಕ್ಕ ಕನ್ನಡಕ ತೆಗೆದರು. "ಪ್ಯಾರಿಸ್ಸಿಂದ ಉಡುಪಿಗೆ ಹೇಗೆ ಬಂತು?"

"ಲಂಡನ್ನಿಗೆ ಹೋಯ್ತು, ಆಮೇಲೆ ಬಾಂಬೆ ಕಂಪನಿಗಳಿಗೆ. ಅಲ್ಲಿಂದ ನಿಮ್ಮ ಅಪ್ಪನ ಕಂಪನಿಗೆ ಬಂದಿರ್ಬೋದು."

"ಓಹೋ. ಬರುವಾಗ ದಾರಿಯಲ್ಲಿ ಯಾರೋ ಪಂಚೆ ಉಡಿಸಿದ್ದಾರೆ, ಒಳ್ಳೇದಾಯ್ತು."

"ಬಟ್ ನಮ್ಮ ಪ್ರೊಫೆಸರು ಹೇಳ್ತಾರೆ, ಇಟ್ಸ್ ಲೈಕ್ ಅ ಮೆಷೀನ್. ಗಡಿಯಾರದ ತರ, ಒಳಗೆ ಜೀವ ಇಲ್ಲ. ಈಗ ಯಾರೂ ಹಾಗೆ ಬರಿಯಲ್ಲ ಅಂತ."

"ಹೆಸರು ಎಂತ ಅಂದಿ? ಚೆನ್ನಾಗಿ ಮಾಡಿದ ನಾಟಕ ಅಂತಲ್ವಾ? ಚೆನ್ನಾಗಿ ಮಾಡಿದ್ದಕ್ಕೆ ಬೈಯುದಾ? ನಿಮ್ಮ ಪ್ರೊಫೆಸರಿಗೆ ಒಂದು ಚೆನ್ನಾಗಿ ಮಾಡದ ಪ್ಯಾಂಟು ಹೊಲಿದು ಕೊಡ್ತೇನೆ. ನಾಲ್ಕು ಹೆಜ್ಜೆ ನಡೆದ್ರೆ ಗೊತ್ತಾಗ್ತದೆ ಅವರಿಗೆ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ತನ್ವಿಯೂ ನಕ್ಕಳು. ಆದರೆ ಗುಲಾಬಿಯಕ್ಕ ಬಿಡಲಿಲ್ಲ. "ಈಗ ಯಾರೂ ಬರಿಯುದಿಲ್ಲ ಅಂದಿಯಲ್ಲ. ಹೋದ ವಾರ ಫೋನಿನಲ್ಲಿ ಎಂತದೋ ಸೀರಿಯಲ್ಲು ಆರು ಎಪಿಸೋಡು ಒಟ್ಟಿಗೆ ನೋಡಿ, ಕಣ್ಣು ಕೆಂಪು ಮಾಡಿಕೊಂಡು ಬಂದೆ. ನಿಲ್ಲಿಸ್ಲಿಕ್ಕೆ ಎಂತಕ್ಕೆ ಆಗ್ಲಿಲ್ಲ ನಿಂಗೆ?"

"ಪ್ರತಿ ಸಲ ಎಂಡಲ್ಲಿ ಏನೋ ಒಂದು ಆಗತ್ತೆ ಆಂಟಿ, ಯಾರೋ ಬಾಗಿಲು ತೆಗೀತಾರೆ, ಕಟ್ ಆಗತ್ತೆ..."

"ಅದೇ. ಬಾಗಿಲು ತೆಗಿಯುವ ಹೊತ್ತಿಗೆ ತೆರೆ ಹಾಕುದು. ನನ್ನ ಅಪ್ಪನ ಕಂಪನಿಯವರು ಪ್ಯಾರಿಸ್ಸಿನವರ ಹತ್ತಿರ ಕಲಿತದ್ದೋ, ಈ ಸೀರಿಯಲ್ಲಿನವರು ನಮ್ಮ ಹತ್ತಿರ ಕಲಿತದ್ದೋ, ಯಾರಾದ್ರೂ ಆಗ್ಲಿ. ಈಗ ಎರಡನೇ ಅಂಕ ತೆಗಿ."

ನಾಟಕದ ಕತೆ ಇಷ್ಟು. ಸರೋಜ ಎಂಬ ಹುಡುಗಿಗೂ ಮಾಧವನಿಗೂ ಮದುವೆ ನಿಶ್ಚಯವಾಗಿದೆ. ಸರೋಜಳ ಸೋದರತ್ತೆ ಮದುವೆಯಾಗದೆ ಅದೇ ಮನೆಯಲ್ಲಿರುವವಳು. ಅವಳು ಒಂದು ಕಾಗದವನ್ನು ಗಡಿಯಾರದ ಕೆಳಗೆ ಬಚ್ಚಿಡುವುದನ್ನು ಮೊದಲ ಅಂಕದಲ್ಲೇ ಜನ ನೋಡುತ್ತಾರೆ. ಕಾಗದದಲ್ಲಿ ಏನಿದೆ, ಯಾರು ಬರೆದದ್ದು, ಯಾರಿಗೂ ಗೊತ್ತಿಲ್ಲ. ಅದು ಸರೋಜ ಬೇರೆ ಯಾವನಿಗೋ ಬರೆದ ಪ್ರೇಮಪತ್ರ ಅಂತ ಮಾಧವನಿಗೆ ಅನುಮಾನ. ಮದುವೆ ಮುರಿಯುವ ಹಂತಕ್ಕೆ ಬರುತ್ತದೆ. ಕೊನೆಗೆ ನೋಡಿದರೆ ಅದು ಮೂವತ್ತು ವರ್ಷದ ಹಿಂದೆ ಅತ್ತೆಯೇ ತಾನು ಮೆಚ್ಚಿದವನಿಗೆ ಬರೆದು, ಸ್ಟಾಂಪು ಹಚ್ಚಿ, ಅಂಚೆಗೆ ಹಾಕುವ ಧೈರ್ಯ ಸಾಲದೆ ಇಟ್ಟುಕೊಂಡ ಕಾಗದ. ಅತ್ತೆಯ ಪಾತ್ರ ನನ್ನದು, ವಿಜಯಶ್ರೀ ಅಂದರೆ ಅತ್ತೆ ಅಂತ ನಮ್ಮ ಸಂಘದಲ್ಲಿ ತೀರ್ಮಾನವಾಗಿ ಬಹಳ ಕಾಲವಾಯಿತು.

ಮುಖ್ಯ ಮಾತು ಮೂರು ಸಲ ಬರಬೇಕು ಎನ್ನುವುದು ಗುಲಾಬಿಯಕ್ಕನ ಇನ್ನೊಂದು ನಿಯಮ. "ಒಂದು ಸಲ ಕೇಳಿದ್ರೆ ಮರೀತಾರೆ, ಎರಡನೇ ಸಲ ಅನುಮಾನ ಬರ್ತದೆ, ಮೂರನೇ ಸಲ ಮೈ ಜುಂ ಅಂತದೆ." ಹಾಗಾಗಿ "ಆ ಕಾಗದ ಎಲ್ಲಿದೆ?" ಎಂದು, ಬಚ್ಚಿಟ್ಟವಳು ನಾನೇ ಆದರೂ ಏನೂ ತಿಳಿಯದವಳ ಹಾಗೆ, ನಾನು ಮಾಧವನನ್ನು ಮೂರು ಅಂಕದಲ್ಲೂ ಒಂದೊಂದು ಸಲ ಕೇಳಬೇಕಿತ್ತು.

ಮಾಧವನ ಪಾತ್ರ ನಿಖಿಲ್‌ನದು. ಒಳ್ಳೆಯ ಹುಡುಗ, ಎತ್ತರ, ಗಟ್ಟಿ ದನಿ. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಆಫೀಸಿಗೆ ಹೋಗುವಾಗ ಫ್ರೀವೇ ಮೇಲೆ ಕಾರಿನಲ್ಲಿ ಕೇಳಿಸಿಕೊಂಡು ಕಲಿಯಲೆಂದು ಅವನ ಅಮ್ಮ ಮಾತುಗಳನ್ನೆಲ್ಲ ಫೋನಿಗೆ ಹೇಳಿಟ್ಟಿದ್ದರು. ಅದೂ ಹೇಗೆ? ಬೇರೆಯವರ ಮಾತಿನ ಕೊನೆಯ ಸಾಲು, ಅದಾದ ಮೇಲೆ ಅವನ ಮಾತು. ನಡುವಿನದೆಲ್ಲ ಟ್ರಾಫಿಕ್ಕು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಾನು ಗುಲಾಬಿಯಕ್ಕನನ್ನು ಮುಂಚೆಯೇ ಎಚ್ಚರಿಸಿದ್ದೆ.

"ಅಕ್ಕಾ, ಅವ್ನಿಗೆ ಕತೆ ಗೊತ್ತಿಲ್ಲ ಕಣ್ರೀ. ಬರೀ ಬಾಲ ಹಿಡ್ಕೊಂಡು ಹೋಗ್ತಿದಾನೆ."

"ನಾನು ಪಕ್ಕದಲ್ಲಿ ಇದ್ದೇನಲ್ಲ ಮಾರಾಯ್ತಿ. ಬಿದ್ರೆ ಎತ್ತುವಾ."

ಇನ್ನು ಗುಣಪಾಲಣ್ಣನ ವಿಷಯ. ಇಪ್ಪತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿ ರಿಟೈರಾದವರು. ಪ್ರತಿ ನಾಟಕಕ್ಕೂ ಹೆಂಡತಿಯನ್ನು, ಪೆಟ್ಟಿಗೆಗಳನ್ನು, ಮಡಚಿದ ಮಂಚವನ್ನು ಹೊತ್ತು ತರುತ್ತಾರೆ. ಊಟದವರೆಗೆ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂರುತ್ತಾರೆ. ಊಟವಾದ ಕೂಡಲೇ ಕಾರಿಗೆ ಹೋಗಿ ಸೀಟು ಹಿಂದಕ್ಕೆ ಬಾಗಿಸಿ ಮಲಗುತ್ತಾರೆ. ಕೇಳಿದರೆ "ನಾಟಕ ನನಗೆ ಮನೆಯಲ್ಲೇ ಉಂಟಲ್ಲ" ಎನ್ನುತ್ತಾರೆ. ಗುಲಾಬಿಯಕ್ಕ ಅದಕ್ಕೆ ಒಂದು ಮಾತೂ ಆಡಿದವರಲ್ಲ. ಆದರೆ ಪ್ರತಿ ಸಲ ಊಟದ ಹೊತ್ತಿನಲ್ಲಿ ಅವರ ಆ ಕುರ್ಚಿಯ ಮೇಲೆ ತಮ್ಮ ನೀಲಿ ಕೈಚೀಲ ಇಟ್ಟು ಜಾಗ ಹಿಡಿದಿಡುತ್ತಾರೆ. ಮೂರನೇ ಅಂಕಕ್ಕೆ ಮುಂಚೆ ತೆರೆಯ ಸಂದಿಯಿಂದ ಒಮ್ಮೆ ನೋಡುತ್ತಾರೆ. ಕುರ್ಚಿಯಲ್ಲಿ ಚೀಲವೇ ಕೂತಿರುತ್ತದೆ. ಒಂಬತ್ತು ವರ್ಷದಿಂದ ನಾನದನ್ನು ನೋಡಿದ್ದೇನೆ, ನೋಡದ ಹಾಗೆ ಇದ್ದೇನೆ.

ಯುಗಾದಿ ಭಾನುವಾರ ಹಾಲು ತುಂಬಿತ್ತು. ಮೊದಲ ಅಂಕ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ನಾನು ಗಡಿಯಾರದ ಕೆಳಗೆ ಕಾಗದ ಇಟ್ಟಾಗ ಜನ ಪಿಸುಗುಟ್ಟಿದ್ದು ನನಗೇ ಕೇಳಿಸಿತು. ಎರಡನೇ ಅಂಕ ಶುರುವಾಯಿತು. ಅದರಲ್ಲಿ ನಾನು "ಆ ಕಾಗದ ಎಲ್ಲಿದೆ?" ಅನ್ನಬೇಕು, ನಿಖಿಲ್ "ಯಾವ ಕಾಗದ? ನನಗೇನು ಗೊತ್ತು?" ಅನ್ನಬೇಕು. ಅಲ್ಲಿಂದ ಎಂಟು ಪುಟ ಹುಡುಕಾಟ. ಆ ಎಂಟು ಪುಟದಲ್ಲೇ ಆಳಿನ ಪಾತ್ರದ ಶೇಷಗಿರಿ ಬಂದು, ಲಕೋಟೆಯ ಮೇಲಿನ ಸ್ಟಾಂಪು ಓಬೀರಾಯನ ಕಾಲದ್ದು ಎನ್ನಬೇಕು. ಕೊನೆಗೆ ಮಾಧವನಿಗೆ ಕಾಗದ ಸಿಕ್ಕಿ, ಅವನು ಅದನ್ನು ಒಡೆಯುವಾಗ ತೆರೆ.

ನಾನು ಕೇಳಿದೆ. "ಆ ಕಾಗದ ಎಲ್ಲಿದೆ?"

ನಿಖಿಲ್ ಎದೆ ಸೆಟೆಸಿ ಒಂದು ಹೆಜ್ಜೆ ಮುಂದೆ ಬಂದ. ಅದು ಮೂರನೇ ಅಂಕದ ಹೆಜ್ಜೆ.

"ಇಲ್ಲೇ ಇದೆ, ನನ್ನ ಜೇಬಿನಲ್ಲಿ! ಓದಿದ್ದೇನೆ. ಇದು ಸರೋಜ ಬರೆದದ್ದಲ್ಲ. ಬರೆದವರು ಯಾರು ಗೊತ್ತೇ? ಬರೆದವರು..."

ಗುಟ್ಟು ಇನ್ನೊಂದು ಮಾತಿನ ದೂರದಲ್ಲಿತ್ತು. ಅದು ಹೊರಬಿದ್ದರೆ ನಾಟಕವೇ ಮುಗಿಯಿತು, ಊಟವಾದ ಮೇಲೆ ನಾಯಿಯೂ ವಾಪಸು ಬರುವುದಿಲ್ಲ. ಕಾಗದ ನೋಡಿದರೆ ಗಡಿಯಾರದ ಕೆಳಗೇ ಇದೆ, ಇನ್ನೂರ ನಲವತ್ತು ಜನರ ಕಣ್ಣೆದುರಿಗೆ. ನಿಖಿಲ್ ಉಸಿರು ಎಳೆದುಕೊಂಡ.

ಧೊಪ್ಪೆಂದು ತೆರೆ ಬಿತ್ತು.

ಹಾಲಿನಿಂದ "ಅಯ್ಯಯ್ಯೋ!" ಅಂತ ಒಂದೇ ಕೂಗು. ಒಳಗೆ ಗುಲಾಬಿಯಕ್ಕ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದರು. ಮುಖ ಬಿಳಿಚಿತ್ತು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ನಿಖಿಲ್‌ನ ಮೇಲೆ ಹರಿಹಾಯ್ದೆ. "ಏನೋ ಮಾಡ್ದೆ ನೀನು? ಎಂಟು ಪುಟ ನುಂಗಿಬಿಟ್ಯಲ್ಲೋ!"

"ಐ ಸ್ವೇರ್ ಆಂಟಿ, ಅದೇ ಕ್ಯೂ ಅಲ್ವಾ? ನೀವು ಅದೇ ಲೈನು ಹೇಳಿದ್ರಿ, ನಾನು ಅದರ ನೆಕ್ಸ್ಟ್ ಲೈನ್ ಹೇಳಿದೆ..." ಹುಡುಗನ ಕಣ್ಣಲ್ಲಿ ನೀರು.

ಶೇಷಗಿರಿ ಮೂಲೆಯಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಕೂತಿದ್ದ. ಅವನ ಇಡೀ ಪಾತ್ರ ಆ ಎಂಟು ಪುಟದಲ್ಲಿತ್ತು. "ನನ್ ಕಡೆಯವ್ರು ಹದಿಮೂರು ಜನ ಬಂದಿದಾರೆ," ಅಂದ. ಅಷ್ಟೇ ಅಂದ. ಅಷ್ಟರಲ್ಲಿ ರಘೋತ್ತಮ ಒಳಗೆ ನುಗ್ಗಿದ. "ಇಪ್ಪತ್ತು ನಿಮಿಷ ಮುಂಚೆ ತೆರೆ ಹಾಕಿದ್ರಲ್ರೀ! ಹೋಳಿಗೆ ಇನ್ನೂ ಬಿಸಿ ಆಗಿಲ್ಲ!"

"ಬಿಸಿ ಆಗುವವರೆಗೆ ಸಾಲಲ್ಲಿ ನಿಲ್ಲಿಸಿ," ಅಂದರು ಗುಲಾಬಿಯಕ್ಕ. ದನಿ ಅವರದೇ ದನಿಯಾಗಿತ್ತು. "ನಿಂತಷ್ಟೂ ಒಳ್ಳೇದು. ಮಾತಾಡಿಕೊಳ್ಳಲಿ."

ಆಮೇಲೆ ನಿಖಿಲ್‌ನ ಹೆಗಲು ತಟ್ಟಿದರು. "ಅಳ್ಬೇಡ ಮಗಾ. ತಪ್ಪು ನಂದು. ಒಂದೇ ಬಣ್ಣದ ನೂಲಲ್ಲಿ ಮೂರು ಕಡೆ ಹೊಲಿದದ್ದು ನಾನು, ನೀನು ತಪ್ಪು ನೂಲು ಎಳೆದೆ ಅಷ್ಟೇ." ನಮಗೆಲ್ಲ ಕೂರಲು ಹೇಳಿದರು. ನೋಟುಬುಕ್ಕು ಬಿಚ್ಚಿ ಎಂಟು ಪುಟದ ಮೇಲೆ ಪೆನ್ನು ಆಡಿಸಿದರು. ಐದು ಪುಟ ಅಡ್ಡಗೆರೆ. "ಇದು ಹೋಗ್ಲಿ, ಯಾರೂ ಕೇಳುದಿಲ್ಲ." ಮೂರು ಪುಟ ಉಳಿಸಿದರು. "ಇದು ಬೇಕು. ಇದಿಲ್ಲದಿದ್ರೆ ಕೊನೆ ನಿಲ್ಲುದಿಲ್ಲ."

ಅವರು ಮಾಡಿದ್ದು ಇಷ್ಟು. ತೆರೆ ಎದ್ದಾಗ ಎಲ್ಲರೂ ನಿಂತಲ್ಲೇ ಇರಬೇಕು. ನಿಖಿಲ್ ಅದೇ ಮಾತು ಶುರು ಮಾಡಬೇಕು, "ಬರೆದವರು..." ಅನ್ನುವಷ್ಟರಲ್ಲಿ ಬಾಗಿಲು ತಟ್ಟುವ ಸದ್ದು. ಶೇಷಗಿರಿ ಕಾಫಿ ಹಿಡಿದು ಒಳಗೆ ಬರಬೇಕು.

"ಆ ಹೊತ್ತಿನಲ್ಲಿ ಕಾಫಿನಾ?" ಅಂದೆ ನಾನು.

"ಆ ಹೊತ್ತಿನಲ್ಲೇ ಕಾಫಿ. ಗುಟ್ಟು ಬಾಯಿಗೆ ಬಂದಾಗ ಬಾಗಿಲು ತಟ್ಟದಿದ್ರೆ ಅದೆಂತ ನಾಟಕ?"

ತನ್ವಿ ಮೆಲ್ಲಗೆ, "ಪ್ಯಾರಿಸ್ಸಲ್ಲೂ ಸೇಮ್ ಆಂಟಿ," ಅಂದಳು. ಈ ಸಲ ನಗಲಿಲ್ಲ, ಪಕ್ಕದಲ್ಲಿ ಕೂತು ಶೇಷಗಿರಿಯ ಮಾತುಗಳನ್ನು ಬರೆದುಕೊಡಲು ಶುರು ಮಾಡಿದಳು.

ಗುಲಾಬಿಯಕ್ಕನಿಗೆ ಒಂದು ಲೋಟ ಕಾಫಿ ತರೋಣವೆಂದು ಸೀರೆಯ ಮೇಲೆ ಜಾಕೆಟ್ಟು ಹಾಕಿಕೊಂಡು ಅಡುಗೆಯವರ ಬಾಗಿಲಿಗೆ ಹೋದೆ. ಊಟದ ಹಾಲಿನಲ್ಲಿ ಸಂತೆಯ ಗದ್ದಲ. ಹೋಳಿಗೆಯ ಸಾಲು ಬಾಗಿಲಾಚೆಗೂ ಹೋಗಿತ್ತು. ಸಾಲಿನ ತುಂಬ ಒಂದೇ ಜಗಳ. "ಹುಡುಗೀದೇ ಕಣ್ರೀ, ಮುಖ ನೋಡಿದ್ರೆ ಗೊತ್ತಾಗಲ್ವಾ?" "ಅವಳದಲ್ಲ ಅಂತ ಅವನೇ ಹೇಳಿದ್ನಲ್ಲ!" "ಅವನು ಹೇಳಿದ್ರೆ ಆಗ್ಬಿಡ್ತಾ?" ನನ್ನ ತೋಳನ್ನು ಯಾರೋ ಹಿಡಿದರು. ತಿರುಗಿದರೆ ಗುಣಪಾಲಣ್ಣ. ತಟ್ಟೆಯಲ್ಲಿ ಎರಡು ಹೋಳಿಗೆ, ಮುಟ್ಟಿರಲಿಲ್ಲ.

"ಅಲ್ಲ ವಿಜಯಶ್ರೀ, ಕಾಗದ ಗಡಿಯಾರದ ಅಡಿಯಲ್ಲಿ ಉಂಟು. ಆ ಹುಡುಗ ಗಡಿಯಾರದ ಹತ್ತಿರ ಹೋಗ್ಲೇ ಇಲ್ಲ. ನಾನು ನೋಡ್ತಾ ಇದ್ದೆ. ಮತ್ತೆ ಅವನ ಜೇಬಿಗೆ ಹೇಗೆ ಬಂತು?"

ಬಸ್ಸು ಓಡಿಸಿದವರ ಕಣ್ಣು, ಕನ್ನಡಿಯಲ್ಲಿ ಹಿಂದಿನದೂ ಕಾಣುತ್ತದೆ. ನನಗೆ ನಿಜವಾಗಿಯೂ ಉತ್ತರ ಗೊತ್ತಿರಲಿಲ್ಲ. "ಒಳಗೆ ಬಂದು ನೋಡಿ ಅಣ್ಣಾ," ಅಂದೆ. ವಾಪಸು ಬಂದು ಗುಲಾಬಿಯಕ್ಕನಿಗೆ ಇದನ್ನು ಹೇಳಲಿಲ್ಲ, ಆಸೆ ಹುಟ್ಟಿಸಿ ಅದು ಹುಸಿಯಾದರೆ ನೋಡಲಾರೆ ಅಂತ. ಆದರೆ ಜೇಬಿನ ಪ್ರಶ್ನೆ ಮಾತ್ರ ಕೇಳಿದೆ. ಅವರು ಹುಬ್ಬು ಗಂಟಿಕ್ಕಿ, ಪೆನ್ನು ಕಚ್ಚಿ, ಶೇಷಗಿರಿಯ ಮಾತಿಗೆ ಇನ್ನೂ ಎರಡು ಸಾಲು ಸೇರಿಸಿದರು. ಗಡಿಯಾರದ ಕೆಳಗಿದ್ದ ಕಾಗದವನ್ನು ತೆಗೆದು ನಿಖಿಲ್‌ನ ಜೇಬಿಗೆ ತಾವೇ ತುರುಕಿದರು.

ಮೂರು ಬೆಲ್ಲು ಅವರ ಅಪ್ಪನ ಕಂಪನಿಯ ಪದ್ಧತಿ. ಮೊದಲ ಬೆಲ್ಲು ಹ್ಯಾಂಡ್‌ಬೆಲ್ಲಿನಲ್ಲಿ ಹೊಡೆದರು. ಹೊರಗೆ ಗದ್ದಲ ಹಾಗೇ ಇತ್ತು. ಎರಡನೆಯದು ಹೊಡೆದರು. ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಅದು ಊಟದ ಹಾಲಿನದೋ ನಮ್ಮದೋ ಗೊತ್ತಾಗಲಿಲ್ಲ. ಮೂರನೆಯದಕ್ಕೆ ಮುಂಚೆ ಅವರು ತೆರೆಯ ಸಂದಿಗೆ ಕಣ್ಣು ಕೊಟ್ಟರು. ನಾನು ಅವರ ಬೆನ್ನು ನೋಡುತ್ತ ನಿಂತೆ. ಆ ಬೆನ್ನು ಅಲ್ಲಾಡಲಿಲ್ಲ. ಎಷ್ಟೋ ಹೊತ್ತು ಅಲ್ಲಾಡಲಿಲ್ಲ.

"ಏನಕ್ಕಾ? ಜನ ಬಂದಿದಾರಾ?"

ಅವರನ್ನು ಸರಿಸಿ ನಾನೇ ನೋಡಿದೆ. ಹಾಲು ತುಂಬಿತ್ತು. ತಟ್ಟೆ ಹಿಡಿದೇ ಬಂದವರಿದ್ದರು, ನಿದ್ದೆ ಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರಿದ್ದರು. ರಘೋತ್ತಮ ಗೋಡೆಗೆ ಒರಗಿ ನಿಂತು ಹೋಳಿಗೆ ಮುರಿಯುತ್ತ ಪಕ್ಕದವರಿಗೆ ಏನೋ ವಾದಿಸುತ್ತಿದ್ದ, ತಲೆ ಎಣಿಸುವುದು ಮರೆತೇ ಹೋಗಿತ್ತು ಅವನಿಗೆ. ಮುಂದಿನ ಸಾಲಿನ ತುದಿಯಲ್ಲಿ ಗುಣಪಾಲಣ್ಣ ಕೂತಿದ್ದರು. ನೀಲಿ ಚೀಲ ಅವರ ತೊಡೆಯ ಮೇಲಿತ್ತು.

"ನೀನು ನಿನ್ನ ಜಾಗಕ್ಕೆ ಹೋಗು," ಅಂದರು ಗುಲಾಬಿಯಕ್ಕ, ಬೆರಳಿಂದ ಕಣ್ಣಿನ ಕೊನೆ ಒರೆಸಿಕೊಂಡು. ಮೂರನೇ ಬೆಲ್ಲು ಹೊಡೆದರು.

ತೆರೆ ಎದ್ದಿತು. ನಿಖಿಲ್ ಗುಡುಗಿದ. "ಬರೆದವರು ಯಾರು ಗೊತ್ತೇ? ಬರೆದವರು..."

ಟಕ್ ಟಕ್ ಟಕ್.

"ಸ್ವಾಮೀ, ಕಾಫಿ," ಅಂತ ಶೇಷಗಿರಿ ಬಂದ.

ಹಾಲು ಹುಚ್ಚೆದ್ದಿತು. "ಆಮೇಲೆ ಬಾರಯ್ಯಾ!" ಅಂತ ಹಿಂದಿನಿಂದ ಯಾರೋ ಅರಚಿದರು. ಶೇಷಗಿರಿ ನಾಟಕದಲ್ಲಿ ಆರು ವರ್ಷದಿಂದ ಆಳಾಗಿಯೇ ಬಂದವನು, ಅಂಥ ಸ್ವಾಗತ ಕಂಡವನಲ್ಲ. ತಟ್ಟೆಯನ್ನು ಎಷ್ಟು ನಿಧಾನವಾಗಿ ಇಟ್ಟನೆಂದರೆ ನನಗೇ ಅವನನ್ನು ಹೊಡೆಯಬೇಕೆನಿಸಿತು. ಆಮೇಲೆ ನಿಖಿಲ್‌ನ ಕೈಯಲ್ಲಿದ್ದ ಲಕೋಟೆ ನೋಡಿ ಹೇಳಿದ. "ಬೆಳಿಗ್ಗೆ ಗಡಿಯಾರ ಒರೆಸೋವಾಗ ನಿಮಗೆ ತೆಗೆದುಕೊಟ್ಟೆನಲ್ಲ, ಅದೇ ಕಾಗದ ಅಲ್ವಾ ಸ್ವಾಮಿ? ಅದರ ಜಾಗಕ್ಕೆ ಯಾರಿಗೂ ಅನುಮಾನ ಬರಬಾರದು ಅಂತ ಖಾಲಿ ಲಕೋಟೆ ಇಟ್ಟಿದ್ದೆ. ಆದ್ರೆ ಈ ಸ್ಟಾಂಪು ನೋಡಿ, ನಾನು ಚಡ್ಡಿ ಹಾಕ್ತಿದ್ದ ಕಾಲದ್ದು. ಈಗ ಎಲ್ಲಿ ಸಿಗತ್ತೆ ಇದು?"

"ಹಾಂ!" ಅಂತ ಮುಂದಿನ ಸಾಲಿನಿಂದ ಒಂದು ದನಿ. ಯಾರದೆಂದು ಹೇಳಬೇಕಿಲ್ಲ.

ಅಲ್ಲಿಂದ ನಾಟಕ ತನ್ನ ಕಾಲ ಮೇಲೆ ತಾನು ನಡೆಯಿತು. ಕೊನೆಗೆ ಎದುರುಬದುರು ಬಂತು. ಸರೋಜ ಒಳಗೆ ಹೋಗಿ, ಆಳು ಹೊರಗೆ ಹೋಗಿ, ಕೋಣೆಯಲ್ಲಿ ನಾನೂ ನಿಖಿಲ್ಲೂ ಇಬ್ಬರೇ. ನಾನು ಮೂರನೇ ಸಲ ಕೇಳಿದೆ, "ಆ ಕಾಗದ ಎಲ್ಲಿದೆ?" ಹುಡುಗ ಈ ಸಲ ಕೂಗಲಿಲ್ಲ. ಊಟ ಬಿಟ್ಟು ಕೂತು ಇಡೀ ಕತೆಯನ್ನು ಗುಲಾಬಿಯಕ್ಕನಿಂದ ಕೇಳಿದ್ದ, ಈಗ ಅವನಿಗೆ ತಾನೇನು ಹೇಳುತ್ತಿದ್ದೇನೆಂದು ಗೊತ್ತಿತ್ತು. ಕಾಗದವನ್ನು ನನ್ನ ಕೈಗೆ ಇಟ್ಟು, "ಅತ್ತೆ, ಇದನ್ನು ಆಗಲೇ ಅಂಚೆಗೆ ಹಾಕಿದ್ದರೆ?" ಅಂದ. ನನಗೆ ನಿಜವಾಗಿಯೂ ಅಳು ಬಂತು. ಒಂಬತ್ತು ವರ್ಷದಲ್ಲಿ ತುಂಬಿದ ಹಾಲಿನ ಮುಂದೆ ಅತ್ತದ್ದು ಅದೇ ಮೊದಲು.

ತೆರೆ ಬಿದ್ದ ಮೇಲೆ ಚಪ್ಪಾಳೆ ನಿಲ್ಲಲಿಲ್ಲ. ರಘೋತ್ತಮ ವೇದಿಕೆಗೆ ಬಂದು, ಖಾಲಿ ಕುರ್ಚಿ ಒಂಬತ್ತೇ ಒಂಬತ್ತು, ಮುಂದಿನ ಯುಗಾದಿಗೂ ದೊಡ್ಡ ನಾಟಕವೇ ಎಂದು ಮೈಕಿನಲ್ಲಿ ಸಾರಿದ. ಪಕ್ಕದಿಂದ "ಆ ಒಂಬತ್ತು ಯಾರು?" ಅಂತ ಗುಲಾಬಿಯಕ್ಕ ಕೇಳಿದ್ದು ನನಗೆ ಕೇಳಿಸಿತು. ಅವರು ಎಂದೂ ತೆರೆಯ ಮುಂದೆ ಬಂದವರಲ್ಲ. ಈ ಸಲ ನಾನೂ ತನ್ವಿಯೂ ಎರಡು ಕೈ ಹಿಡಿದು ಎಳೆದು ತಂದೆವು. ಸೀರೆಯ ಸೆರಗಿನಲ್ಲಿ ಇನ್ನೂ ನಾಲ್ಕು ಪಿನ್ನು ಚುಚ್ಚಿಕೊಂಡಿದ್ದವು.

ಮುಂದಿನ ಸಾಲಿನಿಂದ ಗುಣಪಾಲಣ್ಣ ಎದ್ದು ನಿಂತರು, ಚೀಲವನ್ನು ಎದೆಗೆ ಅವಚಿಕೊಂಡು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಗುಲಾಬೀ, ಬರೆದದ್ದು ಅತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು."

ಗುಲಾಬಿಯಕ್ಕ ಗಂಡನನ್ನು ನೋಡಿದರು, ಚೀಲವನ್ನು ನೋಡಿದರು.

"ಸುಳ್ಳು ಹೇಳ್ಬೇಡಿ. ಗೊತ್ತಿದ್ದಿದ್ರೆ ನೀವು ಕಾರಲ್ಲಿ ಮಲಗಿರ್ತಿದ್ರಿ."